ಒಂದು ಕಾರ್ಡ್ ಎತ್ತಿಡಿ: ದೊಡ್ಡ ಡಿಸ್ಕ್ ಗಾಲ್ಫ್ ಟೂರ್ನಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗ ಕಾಯ್ದಿರಿಸುವ ಬಗೆ

ಹೊರದೇಶಕ್ಕೆ ಬಂದು, ಮನೆ ಹತ್ತಿರದ ಪಾರ್ಕಿನಲ್ಲಿ ಡಿಸ್ಕ್ ಗಾಲ್ಫ್ ಕಲಿತು, ಈಗ ಕ್ಲಬ್ಬಿನ ಕೆಲಸಕ್ಕೂ ಕೈ ಹಾಕಿರುವ ಕನ್ನಡದವರು ನನಗೆ ಆಗಾಗ ಸಿಗುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನಿರುವುದು ಉತ್ತರ ಕ್ಯಾರೊಲಿನಾದ ಶಾರ್ಲೆಟ್ ಹತ್ತಿರ. ಊರು ತಿಪಟೂರು ಕಡೆ. ಎಂಟು ವರ್ಷದಿಂದ ಆಡುತ್ತಿದ್ದೇನೆ. ಐದು ವರ್ಷದಿಂದ ಟೂರ್ನಿ ನಡೆಸುವವರ ಜೊತೆ ಕೆಲಸ ಮಾಡುತ್ತಿದ್ದೇನೆ. ಈ ಐದು ವರ್ಷದಲ್ಲಿ ಮೀಟಿಂಗಿನಲ್ಲಿ ಅತಿ ಜಾಸ್ತಿ ಮಾತು ನಡೆದದ್ದು ಒಂದೇ ವಿಷಯಕ್ಕೆ. ದೊಡ್ಡ ಟೂರ್ನಿಯಲ್ಲಿ ಹೆಣ್ಣುಮಕ್ಕಳಿಗೆ ಅಂತ ಜಾಗ ಎತ್ತಿಡಬೇಕೋ ಬೇಡವೋ?

ಎತ್ತಿಡಬೇಕು. ಆದರೆ ಸುಮ್ನೆ ಎತ್ತಿಟ್ಟರೆ ಆಗುವುದಿಲ್ಲ. ಅದಕ್ಕೊಂದು ಕ್ರಮ ಇದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕಂಬಕ್ಕೆ ಸರಪಳಿ ತೂಗುಹಾಕಿದ ಒಂದು ಬುಟ್ಟಿ. ಟೀ ಅನ್ನುವ ಜಾಗದಲ್ಲಿ ನಿಂತು ಅದರ ಕಡೆಗೆ ಡಿಸ್ಕ್ ಎಸೆಯಬೇಕು. ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದರು. ಎಡ್ ಹೆಡ್ರಿಕ್ ಅನ್ನುವವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಇದಕ್ಕೆ ಮೈದಾನ ಮಾಡಿದರು. 1976ರಲ್ಲಿ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಸಂಸ್ಥೆ ಕಟ್ಟಿದರು. ಇವತ್ತಿಗೂ ನಿಯಮ, ರೇಟಿಂಗ್, ಟೂರ್ನಿಗಳ ದರ್ಜೆ ಎಲ್ಲ ಆ ಸಂಸ್ಥೆಯದೇ.

ಮೊದಲು ಲೆಕ್ಕ ಕೈಯಲ್ಲಿರಲಿ

ಮೀಟಿಂಗಿನಲ್ಲಿ ಒಬ್ಬರಾದರೂ ಈ ಮಾತು ಹೇಳೇ ಹೇಳುತ್ತಾರೆ: "ಎಂಪಿಒಗೆ ಯಾರು ಬೇಕಾದರೂ ಬರಬಹುದಲ್ವಾ? ಬೇರೆ ಜಾಗ ಯಾಕೆ?" ಅವರು ಹೇಳುವುದು ನಿಜ. ಎಂಪಿಒ ಅಂದರೆ ಮಿಕ್ಸೆಡ್ ಪ್ರೊ ಓಪನ್. ಅದು ಗಂಡಸರಿಗೆ ಮಾತ್ರ ಅಲ್ಲ, ಎಲ್ಲರಿಗೂ ತೆರೆದ ವಿಭಾಗ. ಎಫ್‌ಪಿಒ (ಫೀಮೇಲ್ ಪ್ರೊ ಓಪನ್) ಮಾತ್ರ ಹೆಣ್ಣುಮಕ್ಕಳದ್ದು. ಅವರ ಮೇಲೆ ಸಿಟ್ಟು ಮಾಡಬೇಡಿ. ಒಂದು ಕಾಗದ, ಪೆನ್ನು ತೆಗೆದುಕೊಳ್ಳಿ.

ಆಟಗಾರರ ಮಟ್ಟ ತೋರಿಸುವ ಪಿಡಿಜಿಎ ರೇಟಿಂಗಿನಲ್ಲಿ ಸುಮಾರು ಹತ್ತು ಅಂಕ ಅಂದರೆ ಒಂದು ಸುತ್ತಿನಲ್ಲಿ ಒಂದು ಎಸೆತದ ವ್ಯತ್ಯಾಸ. ಮೈದಾನ ನೋಡಿ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಎಂಪಿಒದ ತೀರಾ ಮೇಲಿನವರು 1050ರ ಆಸುಪಾಸಿನಲ್ಲಿದ್ದಾರೆ. ಐದು ಸಲ ವಿಶ್ವ ಚಾಂಪಿಯನ್ ಆದ ಪೇಜ್ ಪಿಯರ್ಸ್ ತಮ್ಮ ಅತ್ಯುತ್ತಮ ದಿನಗಳಲ್ಲಿ 1000ದ ಅಂಚಿಗೆ ಬಂದಿದ್ದರು. 2022 ಮತ್ತು 2023ರಲ್ಲಿ ಗೆದ್ದ ಎಸ್ಟೋನಿಯಾದ ಕ್ರಿಸ್ಟಿನ್ ಟಾಟಾರ್ ಕೂಡ ಅದೇ ಎತ್ತರದವರು. ಈಗ ಕೂಡಿಸಿ. ಸುತ್ತಿಗೆ ಐದು ಎಸೆತ. ನಾಲ್ಕು ಸುತ್ತಿಗೆ ಇಪ್ಪತ್ತು. ಜಗತ್ತಿನಲ್ಲೇ ಎಲ್ಲರಿಗಿಂತ ಚೆನ್ನಾಗಿ ಆಡುವ ಹೆಣ್ಣುಮಗಳು ಎಂಪಿಒದಲ್ಲಿ ಆಡಿದರೆ ಎಲ್ಲಿಗೆ ಬಂದು ನಿಲ್ಲುತ್ತಾಳೆ? ಬಹುಮಾನದ ಪಟ್ಟಿಯ ಎಷ್ಟೋ ಕೆಳಗೆ. ಬುಟ್ಟಿಯಿಂದ ಹತ್ತು ಮೀಟರ್ ಒಳಗೆ ಕೈಯ ಜೋರು ಲೆಕ್ಕಕ್ಕೇ ಬರುವುದಿಲ್ಲ. ಟೀಯಿಂದ ಎಸೆಯುವ ದೂರದಲ್ಲಿ ಎಲ್ಲ ವ್ಯತ್ಯಾಸ ಆಗಿಹೋಗುತ್ತದೆ. ಈ ಲೆಕ್ಕ ಮುಂದಿಟ್ಟ ಮೇಲೆ "ಎಲ್ಲರಿಗೂ ತೆರೆದಿದೆ" ಅನ್ನುವ ಮಾತು ನಮ್ಮ ಮೀಟಿಂಗಿನಲ್ಲಿ ಮತ್ತೆ ಬರಲಿಲ್ಲ.

ನನಗೆ ಈ ಮಾತು ಬಂದಾಗಲೆಲ್ಲ ನಮ್ಮ ದೊಡ್ಡಮ್ಮ ನೆನಪಾಗುತ್ತಾರೆ. 1987ರಲ್ಲಿ ಕರ್ನಾಟಕದಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಾಗ ನೂರಕ್ಕೆ ಇಪ್ಪತ್ತೈದು ಸೀಟು ಹೆಂಗಸರಿಗೆ ಇತ್ತು. ದೇಶಕ್ಕೆಲ್ಲ ಮೂರನೇ ಒಂದು ಭಾಗ ಅಂತ ಕಾನೂನು ಬಂದದ್ದು ಆಮೇಲೆ, 1993ರಲ್ಲಿ. ದೊಡ್ಡಮ್ಮ ಆ ಇಪ್ಪತ್ತೈದರ ಒಂದು ಸೀಟಿನಲ್ಲಿ ಗೆದ್ದು ಹೋದರು. ಮೊದಲ ವರ್ಷ ಸಭೆಯಲ್ಲಿ ಬಾಯಿ ಬಿಡಲಿಲ್ಲವಂತೆ. ಎರಡನೇ ವರ್ಷ ಕೆಳಗಿನ ಬೀದಿಗೆ ಕೊಳವೆಬಾವಿ ಹಾಕಿಸಿಕೊಂಡೇ ಬಂದರು. ಊರಿನ ಆಡಳಿತ ಬೇರೆ, ಆಟ ಬೇರೆ, ನನಗೆ ಗೊತ್ತು. ಆದರೆ ಆ ಸೀಟು ಎತ್ತಿಟ್ಟಿರದಿದ್ದರೆ ಆಕೆ ಆ ಬೆಂಚಿನ ಮೇಲೆ ಕೂರುತ್ತಲೇ ಇರಲಿಲ್ಲ. ಹೆಂಗಸರಿಗೂ ಚುನಾವಣೆಗೆ ನಿಲ್ಲುವ ಹಕ್ಕು ಅದಕ್ಕೆ ಮುಂಚೆಯೂ ಇತ್ತು.

ಸೀಟು ಎಣಿಸಬೇಡಿ, ಕಾರ್ಡ್ ಎಣಿಸಿ

ಒಟ್ಟಿಗೆ ಆಡುವ ಗುಂಪಿಗೆ ಇಲ್ಲಿ ಕಾರ್ಡ್ ಅನ್ನುತ್ತಾರೆ. ಹದಿನೆಂಟು ಬುಟ್ಟಿ, ಒಂದೊಂದರಲ್ಲಿ ನಾಲ್ವರು ಅಂದರೆ 72 ಜಾಗ. ನಿಯಮದ ಪ್ರಕಾರ ಒಂದು ಗುಂಪಿನಲ್ಲಿ ಕಡಿಮೆ ಅಂದರೂ ಮೂವರು ಇರಬೇಕು. ಹಾಗಾಗಿ ಎರಡು ಜಾಗ ಎತ್ತಿಟ್ಟರೆ ಆ ಇಬ್ಬರನ್ನು ಬೇರೆ ವಿಭಾಗದವರ ಜೊತೆ ಸೇರಿಸಬೇಕಾಗುತ್ತದೆ.

ಹಾಗೆ ಸೇರಿಸಿದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ನನ್ನ ಮೊದಲ ಟೂರ್ನಿ ಹವ್ಯಾಸಿಗಳದ್ದು. ನನ್ನ ವಿಭಾಗಕ್ಕೆ ನಾನೊಬ್ಬಳೇ. ಮೂವರು ಗಂಡಸರ ಜೊತೆ ಹಾಕಿದರು. ತುಂಬಾ ಒಳ್ಳೆಯವರು, ನನ್ನ ಡಿಸ್ಕ್ ಹುಡುಕಲು ಪೊದೆಗೆ ಇಳಿದವರು. ಆದರೆ ಅವರ ಸ್ಪರ್ಧೆ ಅವರವರ ನಡುವೆ. ನಾನು ಆರಡಿ ದೂರದಿಂದ ತಪ್ಪಿದರೂ, ಮೂವತ್ತಡಿಯಿಂದ ಹಾಕಿದರೂ ಯಾರಿಗೂ ಏನೂ ಆಗುತ್ತಿರಲಿಲ್ಲ. ಕೊನೆಗೆ ಮೊದಲ ಬಹುಮಾನ ಅಂತ ಒಂದು ಡಿಸ್ಕ್ ಕೊಟ್ಟರು. ಒಬ್ಬಳೇ ಓಡಿ ಮೊದಲು ಬಂದ ಹಾಗೆ. ಶಾಲೆಯಲ್ಲಿ ಥ್ರೋಬಾಲ್ ಆಡಿ ಬೆಳೆದವಳು ನಾನು. ಎದುರು ತಂಡ ಇಲ್ಲದೆ ಆಟ ಹೇಗೆ ಆದೀತು? ಆ ಡಿಸ್ಕನ್ನು ಇವತ್ತಿಗೂ ಎಸೆದಿಲ್ಲ.

ಆದ್ದರಿಂದ ನಾಲ್ಕು, ಇಲ್ಲವೇ ಎಂಟು. 72 ಜಾಗದ ಎ ಟಿಯರ್ (ಪಿಡಿಜಿಎಯ ಮೇಲಿನ ದರ್ಜೆಗಳಲ್ಲಿ ಒಂದು) ಟೂರ್ನಿಗೆ ಎಂಟರಿಂದ ಶುರು ಮಾಡಿ ಅಂತ ನನ್ನ ಸಲಹೆ. "ಪಿಡಿಜಿಎ ಸದಸ್ಯರಲ್ಲಿ ಹೆಂಗಸರು ನೂರಕ್ಕೆ ಹತ್ತೂ ಇಲ್ಲ, ನಾಲ್ಕು ಸಾಕು" ಅನ್ನುವವರು ಸಿಗುತ್ತಾರೆ. ಆ ಲೆಕ್ಕ ಇಲ್ಲಿಯವರೆಗೆ ಎಷ್ಟು ಜನ ಬಂದರು ಅಂತ ಹೇಳುತ್ತದೆ, ಅಷ್ಟೇ. ಹಾಗಂತ ಮೊದಲ ವರ್ಷವೇ ಅರ್ಧ ಎತ್ತಿಡಬೇಡಿ. ಜಾಗ ಖಾಲಿ ಉಳಿಯುತ್ತದೆ, ಮುಂದಿನ ವರ್ಷ ಅದನ್ನೇ ತೋರಿಸಿ ಪೂರ್ತಿ ತೆಗೆದುಹಾಕುತ್ತಾರೆ. ಎಂಟು ತುಂಬಿದ ಮೇಲೆ ಹನ್ನೆರಡು ಕೇಳಿ.

ಎಲ್ಲಿಯವರೆಗೆ ಕಾಯಬೇಕು

ಎಲ್ಲರೂ ಎಡವುವುದು ಇಲ್ಲೇ. ಇದನ್ನು ನಿಧಾನವಾಗಿ ಹೇಳುತ್ತೇನೆ.

ಮೂರು ವರ್ಷದ ಹಿಂದೆ ನಾನು ಕೈಜೋಡಿಸಿದ್ದ ಒಂದು ಕ್ಲಬ್ ಎಂಟು ಜಾಗ ಎತ್ತಿಟ್ಟಿತ್ತು. ಉಳಿದ 64 ಜಾಗ ಹದಿನೈದು ನಿಮಿಷದಲ್ಲಿ ಮುಗಿದವು. ವೇಟ್‌ಲಿಸ್ಟ್ ಬೆಳೆಯಿತು. ಮೂರನೇ ದಿನಕ್ಕೆ ಎಂಟರಲ್ಲಿ ಇಬ್ಬರು ಮಾತ್ರ ಬಂದಿದ್ದರು. "ನೋಡಿ, ಬರಲ್ಲ" ಅಂತ ಆರು ಜಾಗವನ್ನೂ ವೇಟ್‌ಲಿಸ್ಟಿಗೆ ಬಿಟ್ಟರು. ಮುಂದಿನ ವಾರ ಐದು ಹೆಣ್ಣುಮಕ್ಕಳು ಬರೆದರು. ಒಬ್ಬಾಕೆ ಟೆನೆಸಿಯಿಂದ ಬರುವವಳಿದ್ದಳು. ಅವರಿಗೆಲ್ಲ "ಜಾಗ ಇಲ್ಲ" ಅಂತ ಉತ್ತರ ಬರೆದವಳು ನಾನು. ಬಂದಿದ್ದ ಇಬ್ಬರಲ್ಲಿ ಒಬ್ಬರು, ಜೊತೆ ಇಲ್ಲವೆಂದು, ಆಮೇಲೆ ಬಿಟ್ಟುಹೋದರು.

ಹೆಣ್ಣುಮಕ್ಕಳು ತಡವಾಗಿ ಯಾಕೆ ಬರುತ್ತಾರೆ ಅಂತ ಆ ವರ್ಷ ನಾನು ಕೂತು ಒಬ್ಬೊಬ್ಬರನ್ನೇ ಕೇಳಿದೆ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಒಬ್ಬರದ್ದು. ಹೋಟೆಲ್ ರೂಮು ಹಂಚಿಕೊಳ್ಳಲು ಜೊತೆ ಬೇಕು ಅನ್ನುವುದು ಇನ್ನೊಬ್ಬರದ್ದು. ಆದರೆ ಬಹುತೇಕ ಎಲ್ಲರೂ ಹೇಳಿದ ಮಾತು ಒಂದೇ: ಬೇರೆ ಯಾರು ಬರುತ್ತಾರೆ ಅಂತ ನೋಡಿಕೊಂಡು ಹೆಸರು ಕೊಡೋಣ ಅಂತ ಕಾದೆ. ಪಟ್ಟಿಯಲ್ಲಿ ಒಂದೂ ಹೆಸರು ಇಲ್ಲದಿದ್ದರೆ ಮೊದಲ ಹೆಸರಾಗಲು ಯಾರಿಗೂ ಧೈರ್ಯ ಬರುವುದಿಲ್ಲ. ಎರಡು ಹೆಸರು ಕಂಡರೆ ಮೂರನೆಯದು ತಾನಾಗಿ ಬರುತ್ತದೆ.

ಅದಕ್ಕೇ ಈಗ ನಾವು ಹೀಗೆ ಮಾಡುತ್ತೇವೆ. ನೋಂದಣಿ ತೆರೆಯುವ ಎರಡು ವಾರ ಮುಂಚೆ ಇಬ್ಬರು ಮೂವರಿಗೆ ಫೋನ್ ಮಾಡುತ್ತೇವೆ. ಮೆಸೇಜ್ ಅಲ್ಲ, ಫೋನ್. ಅವರು ಮೊದಲ ದಿನವೇ ಹೆಸರು ಹಾಕಲು ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿಯಿತು. ಜಾಗ ಬಿಟ್ಟುಕೊಡುವ ತಾರೀಖನ್ನು ನೋಂದಣಿ ತೆರೆಯುವ ದಿನವೇ ಬರೆದು ಹಾಕುತ್ತೇವೆ. ನಮ್ಮದು ಟೂರ್ನಿಗೆ ಮೂರು ವಾರ ಮುಂಚೆ. ಆ ತಾರೀಖಿನವರೆಗೆ ಯಾರು ಎಷ್ಟು ಗೋಗರೆದರೂ ಕದಲಿಸುವುದಿಲ್ಲ. ಬಿಡುವಾಗ ಒಂದೊಂದಾಗಿ ಬಿಡದೆ ಕಾರ್ಡ್ ಲೆಕ್ಕದಲ್ಲಿ ಬಿಡುತ್ತೇವೆ. ಐವರು ಬಂದಿದ್ದರೆ ಆರನೆಯವಳಿಗೆ ಇನ್ನೂ ಕಾಯುತ್ತೇವೆ, ಏಕೆಂದರೆ ಆಗ ಮೂವರ ಎರಡು ಕಾರ್ಡ್ ಆಗುತ್ತದೆ. ಮನೆಯಲ್ಲಿ ಹೊಲದಿಂದ ತಡವಾಗಿ ಬರುವವರಿಗೆ ಊಟ ಎತ್ತಿಟ್ಟಿರುತ್ತಾರಲ್ಲ, ಅವರು ಎಂಟಕ್ಕೆ ಬರಲಿಲ್ಲ ಅಂತ ನಾಯಿಗೆ ಹಾಕಿಬಿಡುತ್ತಾರಾ?

ಇನ್ನೊಂದು ಮಾತು. ಎಂಟು ಅಂದರೆ ಕಡಿಮೆ ಅಂದರೂ ಎಂಟು. ಒಂಬತ್ತನೆಯವಳು ಬಂದರೆ ಸಾಮಾನ್ಯ ಪಟ್ಟಿಯಿಂದ ಜಾಗ ಕೊಡಿ, ಅಲ್ಲಿ ಆಕೆಯ ಸರದಿ ಬಂದರೆ. ಬಸ್ಸಿನಲ್ಲಿ ಲೇಡೀಸ್ ಸೀಟು ಬೇರೆ ಇದೆಯೆಂದು ಉಳಿದ ಸೀಟಿನಲ್ಲಿ ಕೂತ ಹೆಂಗಸನ್ನು ಎಬ್ಬಿಸುವುದು ಸರಿಯಲ್ಲ, ಅಲ್ವಾ?

ಮೇಲಿನ ದರ್ಜೆಗೆ ಬೇರೆ ಗೆರೆ

ದೊಡ್ಡ ಟೂರ್ನಿಗಳಲ್ಲಿ ನೋಂದಣಿ ಹಂತ ಹಂತವಾಗಿ ತೆರೆಯುವುದುಂಟು. ರೇಟಿಂಗ್ ಜಾಸ್ತಿ ಇದ್ದವರಿಗೆ ಮೊದಲು. ಇಲ್ಲೊಂದು ತಪ್ಪು ಸುಲಭವಾಗಿ ಆಗುತ್ತದೆ. 1000 ಇದ್ದವರಿಗೆ ಮೊದಲ ದಿನ ಅಂತ ಒಂದೇ ಗೆರೆ ಎಳೆದರೆ ದೇಶದ ಒಳ್ಳೆಯ ಆಟಗಾರ್ತಿಯರೆಲ್ಲ ಕೊನೆಯ ಹಂತಕ್ಕೆ ಬೀಳುತ್ತಾರೆ. ಅಷ್ಟು ಹೊತ್ತಿಗೆ ಜಾಗ ಇರುವುದಿಲ್ಲ. ಎಫ್‌ಪಿಒಗೆ ಅದರದ್ದೇ ಗೆರೆ ಇರಬೇಕು. ನಾವು ಮೊದಲ ಹಂತಕ್ಕೆ 900 ಇಟ್ಟೆವು.

"ಜಾಗ ಎತ್ತಿಟ್ಟರೆ ಮಟ್ಟ ಇಳಿಯುತ್ತದೆ" ಅನ್ನುವ ಭಯಕ್ಕೂ ಉತ್ತರ ಇಲ್ಲೇ ಇದೆ. ಎಂಟರಲ್ಲಿ ಆರನ್ನು ರೇಟಿಂಗ್ ಪ್ರಕಾರ ಕೊಡಿ. ಎರಡನ್ನು ಸುತ್ತಮುತ್ತಲ ಅರ್ಹತಾ ಸುತ್ತಿನಲ್ಲಿ ಗೆದ್ದವರಿಗೆ ಇಡಿ. ಜಾಗ ಎತ್ತಿಟ್ಟದ್ದು, ಆದರೆ ಆಡಿ ಗಳಿಸಿಕೊಂಡದ್ದು.

ಮಟ್ಟದ ಬಗ್ಗೆ ಇನ್ನೂ ಅನುಮಾನ ಇರುವವರನ್ನು ಒಂದು ಸಲ ಎಫ್‌ಪಿಒ ನೋಡಲು ಕರೆದುಕೊಂಡು ಹೋಗಿ. 2024ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ವರ್ಜೀನಿಯಾದ ಲಿಂಚ್‌ಬರ್ಗ್‌ನಲ್ಲಿ ನಡೆಯಿತು. ನಾನೂ ಹೋಗಿದ್ದೆ. ಫಿನ್‌ಲೆಂಡಿನ ಎವೆಲಿನಾ ಸಲೋನೆನ್ ಗೆದ್ದರು. ಹಗ್ಗದಾಚೆ ನಿಂತು ಅವರ ಎಸೆತ ನೋಡಿದವರು ಯಾರೂ 'ಮಟ್ಟ' ಅನ್ನುವ ಪದ ಎತ್ತಲಾರರು. ನನ್ನ ಪಕ್ಕದಲ್ಲಿ ಹತ್ತು ವರ್ಷದ ಒಂದು ಹುಡುಗಿ ಪ್ರತಿ ಎಸೆತಕ್ಕೂ ತನ್ನ ಕೈಯನ್ನು ಹಾಗೇ ಆಡಿಸಿ ನೋಡುತ್ತಿದ್ದಳು.

ಉಳಿದವು

ಹಣ. ಬಹುಮಾನದ ಮೊತ್ತದಲ್ಲಿ ದೊಡ್ಡ ಪಾಲು ಆ ವಿಭಾಗದವರ ಪ್ರವೇಶ ಶುಲ್ಕದ್ದೇ. ಎಂಟು ಜನ ಇದ್ದರೆ ಮೊತ್ತ ಚಿಕ್ಕದು. ದೂರದಿಂದ ಬಂದವರಿಗೆ ಪೆಟ್ರೋಲಿಗೂ ಆಗುವುದಿಲ್ಲ. ಪ್ರಾಯೋಜಕರ ಹತ್ತಿರ ಹೋದಾಗ "ಇದು ಎಫ್‌ಪಿಒಗೆ" ಅಂತ ಹೆಸರು ಹೇಳಿ ಕೇಳಿ. ನಾನು ನಾವು ಅಕ್ಕಿ, ಬೇಳೆ ತರುವ ಅಂಗಡಿಯವರನ್ನೇ ಕೇಳಿದೆ. ಅವರಿಗೆ ಆಟದ ಹೆಸರೂ ಗೊತ್ತಿರಲಿಲ್ಲ. 200 ಡಾಲರ್ ಕೊಟ್ಟರು. ಈಗ ಪ್ರತಿ ವರ್ಷ ಕೊಡುತ್ತಾರೆ.

ಟೀ. ಟೂರ್ನಿಗೆ ಮುಂಚೆ ಒಬ್ಬ ಆಟಗಾರ್ತಿಯ ಜೊತೆ ಮೈದಾನ ಪೂರ್ತಿ ನಡೆಯಿರಿ. ನಮ್ಮಲ್ಲಿ ಒಂದು ಕಡೆ ಕೆರೆ ದಾಟಿಸಿ ಎಸೆಯಬೇಕು. ದಾಟಿಸೋದೋ, ಬಳಸಿ ಹೋಗೋದೋ ಅಂತ ಯೋಚಿಸುವುದೇ ಅಲ್ಲಿನ ಆಟ. ಹಿಂದಿನ ಟೀಯಿಂದ ಹೆಚ್ಚಿನ ಹೆಣ್ಣುಮಕ್ಕಳಿಗೆ ಬಳಸಿ ಹೋಗುವ ದಾರಿ ಒಂದೇ ಉಳಿಯುತ್ತಿತ್ತು. ಟೀ ಮುಂದೆ ತಂದೆವು. ಸುಲಭ ಆಗಲಿಲ್ಲ, ಯೋಚನೆ ಮಾಡುವ ಹಾಗಾಯಿತು.

ಶೌಚಾಲಯ ದೂರದ ಬುಟ್ಟಿಗಳ ಹತ್ತಿರವೂ ಒಂದಿರಲಿ. ಬೆಳಗಿನ ಏಳರ ಸರದಿ ಪ್ರತಿ ದಿನ ಅವರಿಗೇ ಬೀಳದಿರಲಿ.

ನೋಂದಣಿಯ ಪುಟದಲ್ಲಿ ನಾವು ಹಾಕುವ ಮಾತು ಇಷ್ಟು. ಬೇಕಿದ್ದರೆ ನಿಮ್ಮ ಊರಿನ ಭಾಷೆಗೆ ತಿರುಗಿಸಿಕೊಳ್ಳಿ:

"72ರಲ್ಲಿ ಕನಿಷ್ಠ 8 ಜಾಗ ಎಫ್‌ಪಿಒಗೆ. ಟೂರ್ನಿಗೆ ಮೂರು ವಾರ ಇರುವವರೆಗೆ ಇವನ್ನು ಬೇರೆಯವರಿಗೆ ಕೊಡುವುದಿಲ್ಲ. 8 ತುಂಬಿದರೆ ಸಾಮಾನ್ಯ ಪಟ್ಟಿಯಲ್ಲೂ ಹೆಸರು ಕೊಡಬಹುದು. ಮೊದಲ ಸಲ ಬರುವವರು ದಯವಿಟ್ಟು ಫೋನ್ ಮಾಡಿ, ಯಾರು ಯಾರು ಬರುತ್ತಿದ್ದಾರೆ ಅಂತ ಹೇಳುತ್ತೇವೆ."

ಟೆನೆಸಿಯ ಆ ಹುಡುಗಿಗೆ ಮುಂದಿನ ವರ್ಷ ನಾನೇ ಫೋನ್ ಮಾಡಿದೆ. ಬಂದಳು. ಜೊತೆಗೆ ತನ್ನ ಗೆಳತಿಯನ್ನೂ ಕರೆತಂದಳು.