ಗುಡ್ ಫ್ರೈಡೇ, ಆರ್‌ಸಿಬಿ ಮತ್ತು ನಮ್ಮ ಯುವಜನ ಕೂಟ

ಯೇಸು ಶಿಲುಬೆಯ ಮೇಲೆ ಸತ್ತದ್ದನ್ನು ನೆನೆಯುವ ಗುಡ್ ಫ್ರೈಡೇ ದಿನವೇ ಆರ್‌ಸಿಬಿಯ ಐಪಿಎಲ್ ಮ್ಯಾಚ್. ಅದೂ ಚಿನ್ನಸ್ವಾಮಿ ಸ್ಟೇಡಿಯಂನಲ್ಲೇ. 2024ರ ಮಾರ್ಚ್ 29ರಂದು ಹಾಗಾಯಿತು, ಎದುರಾಳಿ ಕೋಲ್ಕತ್ತಾ. 2025ರ ಏಪ್ರಿಲ್ 18ರಂದು ಮತ್ತೆ ಹಾಗೇ ಆಯಿತು, ಎದುರಾಳಿ ಪಂಜಾಬ್. ಎರಡು ಸಲವೂ ನಾವೇ ಸೋತೆವು.

ಬೆಂಗಳೂರಿನ ಒಂದು ಕನ್ನಡ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಾನು ಯುವಜನ ಕೂಟ ನಡೆಸುತ್ತೇನೆ. ಹೈಸ್ಕೂಲಿನಿಂದ ಡಿಗ್ರಿವರೆಗಿನ ಮಕ್ಕಳು ಬರುತ್ತಾರೆ. ಆ ಮೊದಲ ವರ್ಷ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ಅವತ್ತು ಮ್ಯಾಚ್ ನೋಡಿದ್ರೆ ಪಾಪಾನಾ?"

ನಮ್ಮ ಸಭೆಗಳಲ್ಲಿ ಗುಡ್ ಫ್ರೈಡೇ ಹೇಗಿರುತ್ತದೆ ಅಂತ ಗೊತ್ತಲ್ವಾ? ಮಧ್ಯಾಹ್ನ 12ರಿಂದ 3ರ ತನಕ ಆರಾಧನೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳು, ಒಂದೊಂದು ಮಾತಿಗೂ ಒಂದು ಪ್ರಸಂಗ, ಒಂದು ಕೀರ್ತನೆ. ಹೆಂಗಸರು ಬಿಳಿ ಸೀರೆ ಉಟ್ಟಿರುತ್ತಾರೆ. ಮುಗಿದ ಮೇಲೆ ಗಂಜಿ. ಸೆಕೆಗಾಲದಲ್ಲಿ ಮೂರು ಗಂಟೆ ಕೂರುವುದು ಸುಲಭವಲ್ಲ. ಮಕ್ಕಳು ಬೆಂಚಿನ ಕೆಳಗೆ ಮೊಬೈಲ್ ಹಿಡಿದು ಇವತ್ತು ಯಾರು ಆಡ್ತಾರೆ, ಯಾರು ಆಡಲ್ಲ ಅಂತ ನೋಡುತ್ತಾ ಕೂತರೆ ಆ ಮೂರು ಗಂಟೆಯಿಂದ ಅವರಿಗೆ ಏನೂ ಸಿಗುವುದಿಲ್ಲ.

ಪಾಪ ಅಲ್ಲ ಅಂತ ಹೇಳಿದೆ. ಮ್ಯಾಚ್ ಇರುವುದು ರಾತ್ರಿ ಏಳೂವರೆಗೆ. ಆದರೆ ಮಧ್ಯಾಹ್ನದ ಮೂರು ಗಂಟೆಯನ್ನು ಪೂರ್ತಿ ಕೊಡಬೇಕು. ಬಾಗಿಲ ಹತ್ತಿರ ಒಂದು ಬುಟ್ಟಿ ಇಟ್ಟೆ, ಎಲ್ಲರ ಮೊಬೈಲೂ ಅದರೊಳಗೆ. ನನ್ನದನ್ನೇ ಮೊದಲು ಹಾಕಿದೆ. ರಾತ್ರಿ ಮ್ಯಾಚನ್ನು ಒಬ್ಬರ ಮನೆಯಲ್ಲಿ ಎಲ್ಲರೂ ಸೇರಿ ನೋಡೋಣ ಅಂತ ಮಾತಾಯಿತು.

ಸಭೆಯ ಹಿರಿಯರೊಬ್ಬರಿಗೆ ಇದು ಸರಿ ಕಾಣಲಿಲ್ಲ. ಅವರ ತಾಯಿಯ ಕಾಲದಲ್ಲಿ ಅವತ್ತು ಮನೆಯಲ್ಲಿ ಜೋರಾಗಿ ಮಾತೂ ಆಡುತ್ತಿರಲಿಲ್ಲವಂತೆ. ಅವರ ನೋವು ನನಗೆ ಅರ್ಥವಾಗುತ್ತದೆ. ಶೋಕದ ದಿನವನ್ನು ಶೋಕದ ದಿನವಾಗಿಯೇ ಉಳಿಸಿಕೊಂಡು ಬಂದದ್ದು ಅವರ ತಲೆಮಾರು. ಅವರ ಜೊತೆ ಕೂತು ಬೈಬಲಿನ ಅಪೊಸ್ತಲ ಪೌಲನ ವಿಷಯ ಮಾತಾಡಿದೆ. ಪೌಲ ಗ್ರೀಸಿನ ಕೊರಿಂಥದಲ್ಲಿ ಗುಡಾರ ಹೊಲಿಯುತ್ತಾ ಒಂದೂವರೆ ವರ್ಷ ಇದ್ದ. ಆ ಊರಿನ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವರಿಗೆ ಎಲೆ, ಸೊಪ್ಪಿನ ಮಾಲೆ. ಆಮೇಲೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯದಲ್ಲಿ ಪೌಲ ಓಟದ ಮಾತು, ಗುದ್ದಾಟದ ಮಾತು, ಬಾಡಿಹೋಗುವ ಜಯಮಾಲೆಯ ಮಾತು ಎತ್ತುತ್ತಾನೆ. ಊರಿನ ಜನ ಯಾವುದಕ್ಕೆ ಕೂಗಾಡುತ್ತಿದ್ದರೋ ಅದರಿಂದಲೇ ಮಾತು ಶುರು ಮಾಡಿದ. ಹಿರಿಯರು ಸ್ವಲ್ಪ ಹೊತ್ತು ಯೋಚಿಸಿ, "ಸರಿ, ಟಿವಿ ಹಾಕೋ ಮುಂಚೆ ವಾಕ್ಯ ಓದಿ" ಅಂದರು. ಒಳ್ಳೆಯ ಸಲಹೆ. ಈಗಲೂ ಹಾಗೇ ಮಾಡುತ್ತೇವೆ.

ಓದಲು ಯೋಹಾನನ ಸುವಾರ್ತೆಯ 19ನೇ ಅಧ್ಯಾಯವನ್ನು ಆರಿಸಿಕೊಂಡೆ. ಸೈನಿಕರು ಯೇಸುವಿನ ಬಟ್ಟೆಯನ್ನು ನಾಲ್ಕು ಪಾಲು ಮಾಡುತ್ತಾರೆ. ಹೊಲಿಗೆ ಇಲ್ಲದ ಅಂಗಿಯನ್ನು ಹರಿಯುವುದು ಬೇಡ ಅಂತ ಚೀಟು ಹಾಕುತ್ತಾರೆ. ತಲೆಯ ಮೇಲೆ ಒಬ್ಬ ಮನುಷ್ಯ ಸಾಯುತ್ತಿದ್ದಾನೆ, ಇವರ ಕಣ್ಣು ಮಾತ್ರ ಚೀಟಿನ ಮೇಲೆ. ಇದನ್ನು ಓದಿ ಸುಮ್ನೆ ಬಿಟ್ಟೆ, ಏನೂ ವಿವರಿಸಲಿಲ್ಲ. ಮ್ಯಾಚ್ ಮುಗಿದು ಎಲ್ಲರೂ ಹೊರಟಾಗ ಒಬ್ಬ ಹುಡುಗ ಹಿಂದೆ ಉಳಿದ. ಆ್ಯಪ್‌ನಲ್ಲಿ ತಂಡ ಕಟ್ಟಿ ದುಡ್ಡು ಹಾಕುತ್ತಿದ್ದನಂತೆ. ಕಾಲೇಜು ಫೀಸಿಗೆ ಇಟ್ಟಿದ್ದ ದುಡ್ಡಿಗೂ ಕೈ ಹಾಕಿದ್ದ. ಬೈಯಲಿಲ್ಲ. ಅವನ ಒಪ್ಪಿಗೆ ಕೇಳಿ ಆ ಹಿರಿಯರನ್ನೇ ಜೊತೆಗೆ ಕರೆದೆ. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಲೆಕ್ಕ ಬರೆಸಿದರು, ಮನೆಯವರಿಗೆ ಹೇಳುವಾಗ ಪಕ್ಕದಲ್ಲೇ ಕೂತರು. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಒಪ್ಪಿತು. ಕಾನೂನು ಬೇಕೇ ಬೇಕು. ಆದರೆ ಹುಡುಗರಿಗೆ ಬಾಯಿಬಿಟ್ಟು ಹೇಳಿಕೊಳ್ಳಲು ಒಬ್ಬ ದೊಡ್ಡವರೂ ಬೇಕು.

ಮಕ್ಕಳ ಮುಂದಿನ ಪ್ರಶ್ನೆ: ಆರ್‌ಸಿಬಿ ಗೆಲ್ಲಲಿ ಅಂತ ಪ್ರಾರ್ಥನೆ ಮಾಡಬಹುದಾ? ಮಾಡಿ ಅಂದೆ. ಬೈಬಲಿನ ಕೀರ್ತನೆಗಾರರು ದೇವರ ಮುಂದೆ ಏನನ್ನೂ ಮುಚ್ಚಿಡಲಿಲ್ಲ, ನೀವೂ ಮುಚ್ಚಿಡಬೇಡಿ. ಆದರೆ ಎದುರು ತಂಡದ ಒಬ್ಬ ಆಟಗಾರನಿಗೂ ಹೆಸರು ಹಿಡಿದು ಪ್ರಾರ್ಥಿಸಬೇಕು. ಗೇಟಿನಲ್ಲಿ ನಿಂತ ಪೊಲೀಸರಿಗೆ, ಹೊರಗೆ ಬಾವುಟ ಮಾರುವವರಿಗೆ, ಪಿಚ್ ನೋಡಿಕೊಳ್ಳುವವರಿಗೂ. ಮೊದಮೊದಲು ನಕ್ಕರು. ಆಮೇಲೆ ನಿಜವಾಗಿಯೂ ಪ್ರಾರ್ಥಿಸತೊಡಗಿದರು. ಎದುರಾಳಿಗೆ ಗಾಯ ಆಗದಿರಲಿ ಅಂತ ದೇವರನ್ನು ಬೇಡಿಕೊಂಡ ಬಾಯಿ ಅರ್ಧ ಗಂಟೆಯ ಮೇಲೆ ಅವನನ್ನು ಕೆಟ್ಟದಾಗಿ ಬೈಯಲು ಹಿಂಜರಿಯುತ್ತದೆ.

ಸೋತ ಮೇಲಿನ ಕೆಲಸವೇ ನಮಗೆ ಜಾಸ್ತಿ ಫಲ ಕೊಟ್ಟದ್ದು. ಸೋತ ವಾರ ಬೈಬಲಿನ 13ನೇ ಕೀರ್ತನೆ ಓದುತ್ತೇವೆ. ಆರೇ ಆರು ವಚನ. ಮೊದಲ ಎರಡು ವಚನಗಳಲ್ಲೇ ದಾವೀದ ನಾಲ್ಕು ಸಲ "ಇನ್ನೆಷ್ಟು ಕಾಲ?" ಅಂತ ಕೇಳುತ್ತಾನೆ. ಆರ್‌ಸಿಬಿ ಅಭಿಮಾನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2008ರಿಂದ ಕಾದವರು ನಾವು. 2009, 2011, 2016, ಮೂರು ಫೈನಲ್ ಸೋತದ್ದನ್ನು ಕಂಡವರು. ಮೊದಲು ದೂರು, ಆಮೇಲೆ ಬೇಡಿಕೆ, ಕೊನೆಗೆ ನಂಬಿಕೆ, ಕೀರ್ತನೆ ಹೋಗುವುದು ಹೀಗೆ. ಅದೇ ದಾರಿಯಲ್ಲಿ ನಿಮ್ಮದೂ ಒಂದು ಕೀರ್ತನೆ ಬರೆಯಿರಿ ಅಂತ ಕಾಗದ ಕೊಟ್ಟೆ. ಶುರುವಿನಲ್ಲಿ ಎಲ್ಲರೂ ಕ್ರಿಕೆಟ್ ಬಗ್ಗೆಯೇ ಬರೆದರು. ಬೌಲಿಂಗ್ ಸರಿಯಿಲ್ಲ, ಟಾಸ್ ಕೈಕೊಟ್ಟಿತು, ಇಂಥದ್ದು.

2025ರ ಗುಡ್ ಫ್ರೈಡೇಗೆ ಬರುವಾಗ ಕಾಗದದ ಮೇಲಿನ ಮಾತೇ ಬೇರೆಯಾಗಿತ್ತು. ಹಿಂದಿನ ದಿನವಷ್ಟೇ ಸಿಇಟಿ ಮುಗಿದಿತ್ತು. ಆ ರಾತ್ರಿ ಮಳೆಯಿಂದ ಮ್ಯಾಚ್ ತಡವಾಯಿತು, ಕೊನೆಗೆ 14 ಓವರ್‌ಗೆ ಇಳಿಯಿತು. ಕಾಯುವ ಹೊತ್ತಿನಲ್ಲಿ ಕಾಗದ ಹಂಚಿದೆ. ಒಬ್ಬಳು ಬರೆದದ್ದು ಕೆಲಸ ಕಳೆದುಕೊಂಡ ಅಪ್ಪನ ಬಗ್ಗೆ. ಇನ್ನೊಬ್ಬ, ಅಜ್ಜಿ ತನ್ನ ಗುರುತು ಹಿಡಿಯುತ್ತಿಲ್ಲ ಅಂತ ಬರೆದ. ನಾಲ್ಕನೇ ಸಾಲಿಗೆ ಬಂದು ನಿಂತವರೂ ಇದ್ದರು, ನಂಬಿಕೆಯ ಸಾಲು ಅವರಿಗೆ ಬರಲಿಲ್ಲ. ಖಾಲಿ ಬಿಡಿ ಅಂದೆ. ನಿಮಗೆ ಬರದಿದ್ದರೆ ಸಭೆ ನಿಮ್ಮ ಪರವಾಗಿ ಹಾಡುತ್ತದೆ, ಸಭೆ ಇರುವುದೇ ಅದಕ್ಕೆ. ಬರಿಯ ಪ್ರಸಂಗದಿಂದ ಈ ಮಕ್ಕಳ ಬಾಯಿಂದ ಇಂಥ ಮಾತು ಬರುತ್ತಿರಲಿಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಸೋಲಿನ ಬಗ್ಗೆ ದೇವರ ಹತ್ತಿರ ಜಗಳ ಆಡಿ ಅಭ್ಯಾಸವಾಗಿತ್ತು. ಅದಕ್ಕೇ ದೊಡ್ಡ ನೋವು ಹೇಳಲು ಧೈರ್ಯ ಬಂತು.

ಹುಡುಗಿಯರ ಒಂದು ಮಾತನ್ನೂ ಇಲ್ಲಿ ಹೇಳಬೇಕು. ಆರ್‌ಸಿಬಿಗೆ ಮೊದಲ ಕಪ್ ತಂದದ್ದು ಮಹಿಳಾ ತಂಡ, ಸ್ಮೃತಿ ಮಂಧಾನ ನಾಯಕತ್ವದಲ್ಲಿ, 2024ರ ಮಾರ್ಚ್ 17ರಂದು. ಎರಡು ವಾರಕ್ಕೆ ಯೇಸು ಎದ್ದುಬಂದ ಹಬ್ಬ ಈಸ್ಟರ್ ಬಂತು. ಅವತ್ತು ಲೂಕ 24 ಓದುವಾಗ, ಸಮಾಧಿ ಬರಿದಾಗಿದೆ ಅಂತ ಹೆಂಗಸರು ಬಂದು ಹೇಳಿದರೂ ಶಿಷ್ಯರು ನಂಬಲಿಲ್ಲ ಅನ್ನುವ ಸಾಲು ಬಂತು. "ಇಲ್ಲೂ ಅಷ್ಟೇ ಅಕ್ಕಾ, ನಾವು ಗೆದ್ರೆ ಲೆಕ್ಕಕ್ಕೇ ಇಲ್ಲ" ಅಂದಳು ಒಬ್ಬಳು. ಹುಡುಗರು ತೆಪ್ಪಗಾದರು. ಅವತ್ತಿನಿಂದ ನಮ್ಮ ಕೂಟದಲ್ಲಿ ಮಹಿಳೆಯರ ಲೀಗ್ ಮ್ಯಾಚ್‌ಗಳನ್ನೂ ಸೇರಿ ನೋಡುತ್ತೇವೆ.

2025ರ ಜೂನ್ 3ರ ರಾತ್ರಿ, 18ನೇ ಸೀಸನ್‌ನಲ್ಲಿ, ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಕಪ್ ಬಂತು. ಊರೇ ಬೀದಿಗೆ ಇಳಿದಿತ್ತು. ಮರುದಿನ ಚಿನ್ನಸ್ವಾಮಿ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ಎಳೆ ವಯಸ್ಸಿನವರು, ನಮ್ಮ ಕೂಟದ ಮಕ್ಕಳಂಥವರು. ನಮ್ಮವರೂ ಕೆಲವರು ಆ ಕಡೆ ಹೊರಟು, ಮೆಟ್ರೋದ ನೂಕುನುಗ್ಗಲು ನೋಡಿ ವಾಪಸ್ ಬಂದಿದ್ದರು.

ಆ ವಾರ ಕೂಟಕ್ಕೆ ಬಂದಾಗ ಮಕ್ಕಳ ಮೊಬೈಲ್ ತುಂಬಾ ಒಂದೇ ಮಾತು: ಅವರು ಯಾಕೆ ಹೋಗಬೇಕಿತ್ತು? ನಾನು ಲೂಕ 13 ತೆರೆದೆ. ಸಿಲೋವದ ಗೋಪುರ ಬಿದ್ದು 18 ಜನ ಸತ್ತ ಸುದ್ದಿ ಅಲ್ಲಿದೆ. ಅವರೇನು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೋ ಅಂತ ಯೇಸು ಕೇಳುತ್ತಾನೆ. ಅಲ್ಲ ಅಂತ ತಾನೇ ಉತ್ತರಿಸುತ್ತಾನೆ. 18 ಅಂದ ಕೂಡಲೇ ಒಬ್ಬ ಹುಡುಗ ಕೊಹ್ಲಿ ಜೆರ್ಸಿ, 18ನೇ ಸೀಸನ್ ಅಂತ ಲೆಕ್ಕ ಜೋಡಿಸಲು ಹೊರಟ. ಅಲ್ಲಿಗೇ ನಿಲ್ಲಿಸಿದೆ. ಸತ್ತವರ ಮೇಲೆ ಸಂಖ್ಯೆಯ ಆಟ ಬೇಡ. ಸತ್ತವರ ತಪ್ಪು ಹುಡುಕುವುದನ್ನು ಯೇಸು ಮುಚ್ಚಿಬಿಟ್ಟ, ಬದುಕಿರುವ ನೀವು ತಪ್ಪು ದಾರಿಯಿಂದ ತಿರುಗಿಕೊಳ್ಳಿ ಅಂದ. ನಾವು ಯಾವುದರಿಂದ ತಿರುಗಿಕೊಳ್ಳಬೇಕು ಅಂತ ಮಾತಾಡೋಣ ಅಂದೆ.

ಜೂನ್ 8 ಪೆಂತೆಕೋಸ್ತ್ ಭಾನುವಾರ. ಹಬ್ಬದ ಹಾಡುಗಳಿಗೆ ಮುಂಚೆ ಯುವಜನರು 13ನೇ ಕೀರ್ತನೆ ಓದಿದರು, ಸತ್ತ ಹನ್ನೊಂದೂ ಜನರ ಹೆಸರು ಹೇಳಿ ಪ್ರಾರ್ಥಿಸಿದರು. ಅಳುವವರ ಸಂಗಡ ಅಳಿರಿ ಅಂತ ರೋಮಾಪುರದವರಿಗೆ ಬರೆದ ಪತ್ರ ಹೇಳುತ್ತದೆ. ಅವತ್ತು ಸಭೆ ನಿಜವಾಗಿ ಅತ್ತಿತು.

ತಿರುಗಿಕೊಳ್ಳುವ ಮಾತಿಗೆ ಮಕ್ಕಳೇ ಉತ್ತರ ಕಂಡುಕೊಂಡರು. ನಮ್ಮ ಚರ್ಚಿಗೆ ಮೂರು ಬಾಗಿಲು. ಕ್ರಿಸ್‌ಮಸ್ ಬೆಳಗಿನ ಆರಾಧನೆಗೆ ಕಾಲಿಡಲು ಜಾಗ ಇರುವುದಿಲ್ಲ, ಆದರೂ ಪಕ್ಕದ ಎರಡು ಬಾಗಿಲಿಗೆ ಚಿಲಕ, ಅಡ್ಡಲಾಗಿ ಬೆಂಚು. ಇದನ್ನು ಕಮಿಟಿಯ ಮುಂದೆ ಇಟ್ಟರು. ಚಪ್ಪಲಿ ಕಳ್ಳತನ, ಬೀದಿನಾಯಿ ಅಂತ ಸ್ವಲ್ಪ ವಾದ ನಡೆಯಿತು. ಬ್ಯಾಂಕಿನ ಆ ಹಿರಿಯರು ಮಕ್ಕಳ ಪರ ನಿಂತರು. ಈಗ ದೊಡ್ಡ ಹಬ್ಬಗಳಲ್ಲಿ ಮೂರೂ ಬಾಗಿಲು ತೆರೆದಿರುತ್ತದೆ, ಒಂದೊಂದು ಬಾಗಿಲಿಗೆ ಇಬ್ಬರು ಯುವಜನರು ಕೊನೆಯ ಹಾಡಿನ ತನಕ ನಿಂತಿರುತ್ತಾರೆ. ಮೆಟ್ಟಿಲ ಮೇಲೆ ಯಾರೂ ಗುಂಪು ಕಟ್ಟದಂತೆ ನೋಡಿಕೊಳ್ಳುವುದು, ವಯಸ್ಸಾದವರನ್ನು ಮೊದಲು ಹೊರಗೆ ಬಿಡುವುದು ಅವರ ಕೆಲಸ. ಯಾರು ಯಾವ ಬಾಗಿಲಿಗೆ ಅನ್ನುವ ಪಟ್ಟಿಯನ್ನು ಹುಡುಗಿಯರು ಬರೆಯುತ್ತಾರೆ.