ಮರಿ ತರುವ ಮುಂಚೆ ಅದರ ತಾಯಿನ ನೋಡಿ

ನಾಯಿಮರಿ ತರಬೇಕು ಅಂತಿದ್ದೀರಾ? ಮರಿ ಹುಟ್ಟಿದ ಜಾಗಕ್ಕೆ ನೀವೇ ಹೋಗಿ. ತಾಯಿ ನಾಯಿಯನ್ನು ಕಣ್ಣಾರೆ ನೋಡಿ. ದುಡ್ಡಿನ ಮಾತು ಆಮೇಲೆ.

ನಾವು ಹೀಗೆ ಮಾಡಲಿಲ್ಲ. ನಮ್ಮ ಮೊದಲ ಮರಿ ಲ್ಯಾಬ್ರಡಾರ್. ಫೋನಲ್ಲಿ ಫೋಟೊ ನೋಡಿ ಮುಂಗಡ ಕಳಿಸಿದೆವು, ಬಸ್ ಸ್ಟ್ಯಾಂಡ್ ಹೊರಗೆ ನಿಂತಿದ್ದ ಒಂದು ಕಾರಿನ ಡಿಕ್ಕಿಯಿಂದ ಎತ್ತಿ ಕೈಗೆ ಕೊಟ್ಟರು. "ಐವತ್ತು ದಿನ ಆಗಿದೆ, ಇಂಜೆಕ್ಷನ್ನೂ ಆಗಿದೆ" ಎಂದರು. ನಾಲ್ಕನೇ ದಿನ ವಾಂತಿ ಶುರುವಾಯಿತು, ಐದನೇ ದಿನ ರಕ್ತ ಬೆರೆತ ಭೇದಿ. ಪಾರ್ವೊ, ಮರಿಗಳ ಕರುಳಿಗೆ ತಗಲುವ ವೈರಸ್ ರೋಗ. ಡಾಕ್ಟರು ಬಾಯಿ ಬಿಡಿಸಿ ನೋಡಿ, "ಇದಕ್ಕೆ ಐದು ವಾರ ಆಗಿದ್ದರೆ ಹೆಚ್ಚು" ಎಂದರು. ಡ್ರಿಪ್ ಹಾಕಿದ್ದ ಅದರ ಮುಂಗಾಲು ನನ್ನ ಬೆರಳಿನಷ್ಟೇ ದಪ್ಪ ಇತ್ತು. ಎರಡು ದಿನ ಹೋರಾಡಿತು, ಉಳಿಯಲಿಲ್ಲ. ಪಾರ್ವೊ ವೈರಸ್ ಮಣ್ಣಲ್ಲಿ ವರ್ಷದ ತನಕ ಬದುಕಿರಬಹುದು, ಹಾಗಾಗಿ ಒಂದು ವರ್ಷ ಈ ಮನೆಗೆ ಬೇರೆ ಮರಿ ತರಲೇಬೇಡಿ ಅಂತಲೂ ಡಾಕ್ಟರು ಹೇಳಿದರು. ಆ ಒಂದು ವರ್ಷದಲ್ಲಿ ಕೇಳಿ, ಓದಿ, ನೋಡಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. 2017ರಲ್ಲಿ ಬಂದ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳಲ್ಲೇ ಇದು ಇದೆ. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಆ ಪತ್ರ ತೋರಿಸಿ ಅಂತ ಕೇಳುವುದಕ್ಕೆ ಸಂಕೋಚ ಬೇಡ. ವಯಸ್ಸಿನ ಬಗ್ಗೆ ಅನುಮಾನ ಇದ್ದರೆ ಬಾಯಿ ನೋಡಿ. 8 ವಾರದ ಹೊತ್ತಿಗೆ 28 ಹಾಲುಹಲ್ಲು ಬಂದಿರುತ್ತವೆ, ಸೂಜಿ ಥರ ಚುಚ್ಚುತ್ತವೆ. ಹಿಂದಿನ ದವಡೆ ಬರಿದಾಗಿದ್ದರೆ ಅದು ಇನ್ನೂ ಎಳೆ ಮರಿ. ಈ ಎಂಟು ವಾರ ಬರೀ ಹಾಲಿಗೋಸ್ಕರ ಅಲ್ಲ. ಜೊತೆ ಮರಿಯನ್ನು ಜೋರಾಗಿ ಕಚ್ಚಿದರೆ ಅದು ಕುಂಯ್ ಅಂದು ಆಟ ಬಿಟ್ಟು ಹೋಗುತ್ತದೆ, ತಾಯಿಯೂ ಒಮ್ಮೆ ಗುರ್ ಅಂತಾಳೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಅಂತ ಮರಿ ಕಲಿಯುವುದು ಅಲ್ಲೇ. ಬೇಗ ಕಿತ್ತು ತಂದ ಮರಿಗೆ ಆ ಪಾಠ ತಪ್ಪಿಹೋಗುತ್ತದೆ.

ಹೋದಾಗ ಮೊದಲು ತಾಯಿಯನ್ನು ಮಾತಾಡಿಸಿ. ಅವಳು ಹೆದರಿ ಮೂಲೆ ಸೇರಿದರೆ ಅಥವಾ ಕಂಡಕಂಡವರ ಮೇಲೆ ಎಗರಿದರೆ ಮರಿಯೂ ಹಾಗೆ ಆಗುವ ಸಂಭವ ಜಾಸ್ತಿ. "ತಾಯಿ ಊರಲ್ಲಿದೆ, ತೋಟದಲ್ಲಿದೆ" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಆಮೇಲೆ ಮರಿ. ಕಣ್ಣು, ಮೂಗು ಸೋರುತ್ತಿರಬಾರದು. ಬಾಲದ ಕೆಳಗೆ ಒದ್ದೆ, ಕೊಳೆ ಇರಬಾರದು. ಮೈ ಸಣ್ಣಗಿದ್ದು ಹೊಟ್ಟೆ ಮಾತ್ರ ಗುಡಾಣದ ಹಾಗಿದ್ದರೆ ಜಂತುಹುಳ ಇರಬಹುದು. ಚುಚ್ಚುಮದ್ದಿನ ಕಾರ್ಡಲ್ಲಿ ಬರೀ ಪೆನ್ನಲ್ಲಿ ಬರೆದ ತಾರೀಕು ಸಾಲದು, ಔಷಧಿ ಸೀಸೆಯ ಮೇಲಿನ ಸ್ಟಿಕ್ಕರ್ ಅಂಟಿಸಿ ಡಾಕ್ಟರು ಸಹಿ, ಸೀಲು ಹಾಕಿರಬೇಕು. ನಮಗೆ ಕೊಟ್ಟ ಕಾರ್ಡಲ್ಲಿ ಸ್ಟಿಕ್ಕರ್ ಇರಲಿಲ್ಲ.

ಯಾವ ಜಾತಿ ಅನ್ನುವುದನ್ನು ಮನೆ ನೋಡಿ ತೀರ್ಮಾನಿಸಿ. ಹಸ್ಕಿ ಹಿಮದ ನಾಡಿನ ನಾಯಿ, ಅದರ ಮೈಮೇಲೆ ಎರಡು ಪದರ ಕೂದಲು. ಅದನ್ನು ನಮ್ಮ ಬಿಸಿಲಲ್ಲಿ ಮೂರನೇ ಮಹಡಿಯ ಫ್ಲ್ಯಾಟಲ್ಲಿ ಕೂಡಿಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಪಗ್ ಮೂಗು ಚಪ್ಪಟೆ, ಸೆಕೆಗಾಲದಲ್ಲಿ ಉಸಿರಿಗೇ ಒದ್ದಾಡುತ್ತದೆ. ಬೀದಿ ನಾಯಿಯ ಮರಿ ನಮ್ಮ ಹವೆಗೆ ಹೊಂದಿಕೊಂಡೇ ಹುಟ್ಟಿರುತ್ತದೆ, ದುಡ್ಡೂ ಬೇಡ, ಬುದ್ಧಿಗೂ ಕಮ್ಮಿ ಇಲ್ಲ. ನಾನು ಈಗ ಸಾಕಿರುವುದು ಮುಧೋಳ ನಾಯಿ, ಹೆಸರು ಮಲ್ಲಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್‌ನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಈ ತಳಿ ಬೇಕು ಅನ್ನುವವರು ಮೊದಲು ಅಲ್ಲಿ ವಿಚಾರಿಸಿ. ಈ ನಾಯಿಗೆ ಹೆಸರು ಬಂದ ಮೇಲೆ ಸಣಕಲು ಮರಿಯನ್ನೆಲ್ಲ ಮುಧೋಳ ಅಂತ ಮಾರುವವರೂ ಇದ್ದಾರೆ. ಆದರೆ ಒಂದು ನೆನಪಿಡಿ, ಇದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ಬೇಟೆ ನಾಯಿ. ದಿನಾ ಓಡುವುದಕ್ಕೆ ಜಾಗ ಇಲ್ಲದಿದ್ದರೆ ತರಬೇಡಿ.

ಮರಿ ಮನೆಗೆ ಬಂದ ರಾತ್ರಿ ಅಳುತ್ತದೆ. ಅಳುವ ಮರಿಯನ್ನು ಹೊರಗಿನ ಗೂಡಿಗೆ ಹಾಕಿ ಬಾಗಿಲು ಮುಚ್ಚಬೇಡಿ, ಅಷ್ಟು ದಿನ ತಾಯಿಯ ಬಿಸಿಗೆ ಅಂಟಿಕೊಂಡು ಮಲಗಿದ್ದ ಜೀವ ಅದು. ನಿಮ್ಮ ಮಂಚದ ಪಕ್ಕದಲ್ಲೇ ಒಂದು ರಟ್ಟಿನ ಡಬ್ಬಿ ಇಡಿ, ತಾಯಿ ಮಲಗುತ್ತಿದ್ದ ಗೋಣಿಚೀಲದ ತುಂಡನ್ನು ಕೇಳಿ ತಂದು ಅದರಲ್ಲಿ ಹಾಸಿ. ಮಲ್ಲಿ ಆ ಗೋಣಿಯಲ್ಲಿ ಮೂಗು ಹುದುಗಿಸಿ ಹತ್ತು ನಿಮಿಷದಲ್ಲಿ ಮಲಗಿದಳು. ಮೊದಲ ವಾರ ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ. ಹಸುವಿನ ಹಾಲು ಲೋಟಗಟ್ಟಲೆ ಹಾಕಿದರೆ ಭೇದಿ ಗ್ಯಾರಂಟಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಇವೆಲ್ಲ ನಾಯಿಗೆ ವಿಷ. ಪಾರ್ವೊ ಮತ್ತು ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ರೋಗದ ಚುಚ್ಚುಮದ್ದು 6ರಿಂದ 8 ವಾರಕ್ಕೆ ಶುರುವಾದರೆ 3-4 ವಾರಕ್ಕೊಮ್ಮೆ 16 ವಾರದ ತನಕ ಹಾಕಿಸಬೇಕು. ರೇಬೀಸ್‌ದು ಮೂರು ತಿಂಗಳಿಗೆ, ಮುಂದಿನದು ಡಾಕ್ಟರು ಬರೆದುಕೊಟ್ಟ ತಾರೀಕಿಗೆ.

16 ವಾರದ ಚುಚ್ಚುಮದ್ದು ಮುಗಿಯುವ ತನಕ ಮರಿಯನ್ನು ಬೀದಿಯಲ್ಲಿ ಬಿಡುವ ಹಾಗಿಲ್ಲ ನಿಜ, ಆದರೆ ಮನೆಯೊಳಗೇ ಬಚ್ಚಿಟ್ಟರೂ ತಪ್ಪು. ಮೂರರಿಂದ ಹದಿನಾಲ್ಕು ವಾರದ ಒಳಗೆ ಕಂಡದ್ದು, ಕೇಳಿದ್ದು ಮರಿಗೆ ಜೀವನಪೂರ್ತಿ ಮಾಮೂಲು ಅನ್ನಿಸುತ್ತದೆ. ಎತ್ತಿಕೊಂಡೇ ತಿರುಗಾಡಿಸಿ. ಆಟೊ ಸದ್ದು, ಕುಕ್ಕರ್ ಸೀಟಿ, ಹೆಲ್ಮೆಟ್ ಹಾಕಿದವರು, ಸಿಲಿಂಡರ್ ಉರುಳಿಸುವವರು, ಕೋಲು ಹಿಡಿದ ಅಜ್ಜ, ಎಲ್ಲ ತೋರಿಸಿ. ಒಂದೊಂದಕ್ಕೂ ಬೇಯಿಸಿದ ಮೊಟ್ಟೆಯ ಒಂದು ಚೂರು ಬಾಯಿಗಿಡಿ.

ಉಚ್ಚೆಯ ವಿಷಯಕ್ಕೆ ಎಲ್ಲರೂ ತಾಳ್ಮೆ ಕಳೆದುಕೊಳ್ಳುತ್ತಾರೆ. ಲೆಕ್ಕ ಸುಲಭ. ಎದ್ದ ಕೂಡಲೇ, ತಿಂದ ಮೇಲೆ, ಆಟ ಮುಗಿದ ಮೇಲೆ ಹೊರಗೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ, ಸುಮ್ನೆ ನಿಂತುಕೊಳ್ಳಿ. ಮಾಡಿದ ಆ ಕ್ಷಣಕ್ಕೇ ತಿಂಡಿ ಕೊಡಿ, ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತದೆ. ಎರಡು ತಿಂಗಳ ಮರಿ ಹಗಲಲ್ಲಿ ಎರಡು ಮೂರು ಗಂಟೆಗಿಂತ ಜಾಸ್ತಿ ತಡೆಯಲಾರದು. ಒಳಗೆ ಮಾಡಿಬಿಟ್ಟರೆ ಮೂಗು ಉಜ್ಜುವುದು, ಹೊಡೆಯುವುದು ಬೇಡವೇ ಬೇಡ. ಹೊಡೆದರೆ ಅದು ನಿಮ್ಮ ಕಣ್ಣು ತಪ್ಪಿಸಿ ಸೋಫಾ ಹಿಂದೆ ಮಾಡುವುದನ್ನು ಕಲಿಯುತ್ತದೆ, ಅಷ್ಟೇ.

ಕಲಿಸುವ ಮಾತು ಮನೆಯವರೆಲ್ಲರಿಗೂ ಒಂದೇ ಇರಲಿ. ನಮ್ಮನೆ ಧಾರವಾಡದಲ್ಲಿ. ಅವ್ವ "ಕುಂದರು" ಅನ್ನುತ್ತಿದ್ದಳು, ಮಗ "ಸಿಟ್", ನಾನು "ಕೂತ್ಕೋ". ಮಲ್ಲಿ ಮೂವರ ಮುಖವನ್ನೂ ಸರದಿಯಲ್ಲಿ ನೋಡುತ್ತಾ ನಿಂತುಬಿಡುತ್ತಿದ್ದಳು. ಎಲ್ಲರೂ "ಕುಂದರು"ಗೆ ಒಪ್ಪಿಕೊಂಡ ಮೂರನೇ ದಿನಕ್ಕೆ ಕೂತಳು. ಮಾಡಿಸುವುದು ಹೀಗೆ: ತಿಂಡಿಯನ್ನು ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ತಲೆಯ ಮೇಲೆ ಹಿಂದಕ್ಕೆ ಒಯ್ಯಿರಿ, ತಲೆ ಮೇಲೆತ್ತಿದ ಹಾಗೆ ಹಿಂಭಾಗ ತಾನಾಗೇ ನೆಲಕ್ಕೆ ತಾಗುತ್ತದೆ. ಸೊಂಟ ಹಿಡಿದು ಒತ್ತಬೇಡಿ. ಒಂದು ಸಲಕ್ಕೆ ಐದು ನಿಮಿಷ ಸಾಕು.

ಎಲ್ಲಕ್ಕಿಂತ ಮುಖ್ಯ "ಬಾ". ಮೊದಲು ಮನೆಯೊಳಗೆ, ಆಮೇಲೆ ಅಂಗಳದಲ್ಲಿ, ಕೊನೆಗೆ ಮೈದಾನದಲ್ಲಿ ಮೂವತ್ತು ಅಡಿ ಹಗ್ಗ ಕಟ್ಟಿ. ಬಂದಾಗಲೆಲ್ಲ ಏನಾದರೂ ಒಳ್ಳೆಯದು ಸಿಗಬೇಕು. ಅದು ಅರ್ಧ ಗಂಟೆ ಸತಾಯಿಸಿ ಬಂದರೂ ಬೈಯಬೇಡಿ, ಬೈದರೆ ಬಂದದ್ದಕ್ಕೇ ಬೈದರು ಅಂತ ತಿಳಿಯುತ್ತದೆ, ಮುಂದಿನ ಸಲ ಬರುವುದಿಲ್ಲ. ಸ್ನಾನ ಮಾಡಿಸುವುದಕ್ಕೆ, ಮಾತ್ರೆ ನುಂಗಿಸುವುದಕ್ಕೆ "ಬಾ" ಅಂತ ಕರೆಯಲೇಬೇಡಿ, ನೀವೇ ಹೋಗಿ ಕರೆತನ್ನಿ. ಏಳೆಂಟು ತಿಂಗಳಿಗೆ ಹರೆಯ ಬಂದಾಗ ಕಲಿತದ್ದೆಲ್ಲ ಮರೆತ ಹಾಗೆ ಆಡುತ್ತದೆ. ಗಾಬರಿ ಆಗಬೇಡಿ, ಮತ್ತೆ ಹಗ್ಗ ಕಟ್ಟಿ ಮೊದಲಿನಿಂದ ಶುರು ಮಾಡಿ.

ಮಲ್ಲಿಗೆ ಈಗ ಮೂರು ವರ್ಷ. ಕರೆದರೆ ನೂರಕ್ಕೆ ತೊಂಬತ್ತು ಸಲ ಬರುತ್ತಾಳೆ. ಉಳಿದ ಹತ್ತು ಸಲ ಎದುರಿಗೆ ಬೆಕ್ಕೋ ಮೊಲವೋ ಇರುತ್ತದೆ, ಆಗ ಅವಳ ಕಿವಿಗೆ ನನ್ನ ದನಿ ಬೀಳುವುದೇ ಇಲ್ಲ. ಅದಕ್ಕೇ ಬೇಲಿ ಇಲ್ಲದ ಜಾಗದಲ್ಲಿ ಅವಳ ಹಗ್ಗವನ್ನು ನಾನು ಇವತ್ತಿಗೂ ಬಿಚ್ಚುವುದಿಲ್ಲ.