ಹಗಲು ಹೊತ್ತಲ್ಲೇ ಕಿರಿಗ್ವಾದ ಕಲ್ಲು ಓದಿದ ಕಥೆ

ಮಧ್ಯ ಅಮೆರಿಕದ ಪ್ರಾಚೀನ ಮಾಯಾ ಜನರ ಸವೆದ ಶಾಸನದ ಫೋಟೊ ಅಂದರೆ ರಾತ್ರಿಯೇ ಆಗಬೇಕು, ಪಕ್ಕದಿಂದ ಓರೆಯಾಗಿ ಬೆಳಕು ಬಿಡಬೇಕು, ಆಗಲೇ ಸಣ್ಣ ಗೀರುಗಳ ನೆರಳು ಕಾಣುವುದು. ಇದು ಶಾಸನದ ಫೋಟೊ ತೆಗೆಯುವ ನಮ್ಮವರಿಗೆಲ್ಲ ಗೊತ್ತಿರುವ ಮಾತು. ನಾನು ಹಗಲಲ್ಲೇ ತೆಗೆಯುತ್ತೇನೆ ಅಂದಾಗ ಮಂಗಳೂರು ಕಡೆಯ ಗೆಳೆಯರೊಬ್ಬರು ನಕ್ಕುಬಿಟ್ಟರು. "ಮಾರಾಯಾ, ಮಟಮಟ ಮಧ್ಯಾಹ್ನ ಟಾರ್ಚ್ ಹಚ್ಚಿ ಎಂತ ಹುಡುಕುದು?" ಅಂದರು. ಈಗ ಅವರೇ ಸೆಟ್ಟಿಂಗ್ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಹಗಲು ನಾನಾಗಿ ಆರಿಸಿಕೊಂಡಿದ್ದಲ್ಲ. ರಾತ್ರಿಗೆ ಪರವಾನಗಿ ಕೇಳಿದೆ. ಎರಡೂವರೆ ತಿಂಗಳು ಕಾಯಿಸಿ ಇಲ್ಲ ಅಂದರು. ಅಷ್ಟರಲ್ಲಿ ಹ್ಯೂಸ್ಟನ್‌ನಿಂದ ಟಿಕೆಟ್ ಮಾಡಿಸಿಯಾಗಿತ್ತು, ರದ್ದು ಮಾಡಿದರೆ ದುಡ್ಡು ವಾಪಸ್ ಬರುತ್ತಿರಲಿಲ್ಲ. ಹಗಲಿಗೆ ಟ್ರೈಪಾಡ್, ಫ್ಲಾಶ್ ಎರಡಕ್ಕೂ ಒಪ್ಪಿದರು. ಸರಿ, ಹೋಗೋಣ ಅಂತ ಹೊರಟೆ.

ಗ್ವಾಟೆಮಾಲಾದ ಕಿರಿಗ್ವಾ ಇರುವುದು ಮೋತಾಗ್ವಾ ನದಿಯ ಬಯಲಲ್ಲಿ, ಸುತ್ತ ಬರೀ ಬಾಳೆ ತೋಟ. ಊರು ಚಿಕ್ಕದು, ಕಲ್ಲುಗಳು ದೊಡ್ಡವು. ಅದಕ್ಕೊಂದು ಕಾರಣ ಇದೆ. ಕ್ರಿ.ಶ. 738ರಲ್ಲಿ ಇಲ್ಲಿನ ರಾಜ ಕಾಕ್ ತಿಲಿವ್ ತನ್ನನ್ನು ಪಟ್ಟಕ್ಕೆ ಕೂರಿಸಿದ ನೆರೆಯ ಕೋಪಾನ್ ನಗರದ ದೊರೆಯನ್ನೇ ಹಿಡಿದು ತಲೆ ತೆಗೆಸಿದ. ಆಮೇಲೆ ಐದೈದು ವರ್ಷಕ್ಕೊಂದರಂತೆ ಶಾಸನ ಕೆತ್ತಿದ ಕಲ್ಲಿನ ಕಂಬ ನಿಲ್ಲಿಸುತ್ತಾ ಹೋದ. 771ರ 'ಈ' (ಇಂಗ್ಲಿಷ್ E) ಕಂಬ ಹತ್ತೂವರೆ ಮೀಟರ್ ಉದ್ದ. ಅಲ್ಲಿನ 10 ಸೆಂತಾವೋ ನಾಣ್ಯದ ಮೇಲೂ ಕಿರಿಗ್ವಾದ ಕಂಬವೇ ಇದೆ.

ನನಗೆ ಬೇಕಾಗಿದ್ದದ್ದು ಕಂಬದ ಮುಂದಿನ ರಾಜನಲ್ಲ, ಪಕ್ಕದ ಬರಹ. ಈಗ ಎಲ್ಲ ಕಂಬಗಳ ಮೇಲೂ ಗರಿ ಹೊದಿಸಿದ ಚಪ್ಪರ ಇದೆ. ನೆರಳು ಇದೆಯಲ್ಲ, ಫ್ಲಾಶ್ ಗೆಲ್ಲುತ್ತದೆ ಅಂದುಕೊಂಡೆ. ಗೆಲ್ಲಲಿಲ್ಲ. ಸುತ್ತಲಿನ ಹುಲ್ಲುಹಾಸಿನಿಂದ ಬೆಳಕು ಚಪ್ಪರದೊಳಗೆ ನುಗ್ಗುತ್ತದೆ, ಅದೂ ಹಸಿರು ಬಣ್ಣ ಹೊತ್ತುಕೊಂಡು. ಮೊದಲ ಮೂರು ದಿನದ ಸುಮಾರು 700 ಫೋಟೊ ಪಾಚಿ ಬಳಿದ ಗೋಡೆಯ ಹಾಗೆ ಬಂದವು. ಮೂರನೆಯ ದಿನ ಸಂಜೆ ಸೆಕೆಗೋ ತೇವಕ್ಕೋ ಒಂದು ಫ್ಲಾಶ್ ಕೂಡ ಸತ್ತುಹೋಯಿತು. ಅದಕ್ಕೆ 180 ಡಾಲರ್.

ಅವತ್ತು ರಾತ್ರಿ ಕೋಣೆಯಲ್ಲಿ ಸೊಳ್ಳೆ ಹೊಡೆಯುತ್ತಾ ಕೂತಾಗ ಹೊಳೆದದ್ದು ಇಷ್ಟೇ. ಸೂರ್ಯನನ್ನು ಗೆಲ್ಲೋದು ಬೇಡ, ಕಳೆದುಬಿಡೋಣ. ಫ್ಲಾಶ್ ಇಲ್ಲದೆ ಒಂದು, ಫ್ಲಾಶ್ ಹಾಕಿ ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ಪಿಕ್ಸೆಲ್ ಪಿಕ್ಸೆಲ್ ಕಳೆದರೆ ಉಳಿಯುವುದು ಬರೀ ಫ್ಲಾಶ್ ಬೆಳಕು. ಅಂದರೆ ಕೃತಕ ರಾತ್ರಿ. ಸ್ಟುಡಿಯೊದವರಿಗೆ ಇದು ಹಳೇ ಆಟ, ಕಲ್ಲಿನ ಮೇಲೆ ಪ್ರಯತ್ನಿಸಿದ್ದನ್ನು ಮಾತ್ರ ನಾನು ನೋಡಿರಲಿಲ್ಲ.

ಮರುದಿನ ಮಾಡಿದೆ, ಕೆಟ್ಟಿತು. ಜೇಪೆಗ್‌ನಲ್ಲಿ ಕಳೆದಿದ್ದೆ. ಅದರಲ್ಲಿ ಕ್ಯಾಮೆರಾ ಮೊದಲೇ ಬೆಳಕನ್ನು ತಿದ್ದಿರುತ್ತದೆ, ಲೆಕ್ಕ ಕೂಡುವುದಿಲ್ಲ. ಕ್ಯಾಮೆರಾ ಏನೂ ತಿದ್ದದ ರಾ ಫೈಲಿಗೆ ಬಂದೆ. ಆಗ ಮೋಡದ ಕಾಟ. ಎರಡು ಫೋಟೊ ನಡುವಿನ ಮೂರು ಸೆಕೆಂಡಿನಲ್ಲಿ ಮೋಡ ಸರಿದರೆ ಕಲ್ಲಿನ ತುಂಬ ಭೂತದಂಥ ಕಲೆ. ಕಡೆಗೆ ಫ್ಲಾಶ್‌ಗೆ ಮುಂಚೆ ಒಂದು, ಆದ ಮೇಲೆ ಒಂದು ಬರೀ ಬಿಸಿಲಿನ ಫೋಟೊ ತೆಗೆದು, ಎರಡರ ಸರಾಸರಿ ಕಳೆದೆ. ಆ ಎರಡು ಒಂದಕ್ಕೊಂದು ಹೊಂದದಿದ್ದರೆ ಆ ಸೆಟ್ಟನ್ನೇ ಬಿಸಾಕಿದೆ. ಹತ್ತರಲ್ಲಿ ನಾಲ್ಕು ಹೀಗೇ ಹೋದವು ಅನ್ನಿ. ಕ್ಯಾಮೆರಾ ಸೆಟ್ಟಿಂಗ್ ಐಎಸ್ಒ 100, ಶಟರ್ 1/200, ಎಫ್ 11ರ ಆಸುಪಾಸು. ಕಳೆಯುವ ಮೊದಲು ಹಸಿರು ಚಾನೆಲ್‌ಗೆ, ಅಂದರೆ ಫೋಟೊದ ಹಸಿರು ಬಣ್ಣದ ಭಾಗಕ್ಕೆ, ನಾನು ಒಂದು ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಹೇಳಲ್ಲ. ಅಷ್ಟು ಖರ್ಚು ಮಾಡಿದ್ದೇನೆ, ಒಂದಾದರೂ ನನ್ನ ಹತ್ತಿರ ಇರಲಿ.

ಖರ್ಚಿನ ಮಾತು ಬಂತಲ್ಲ. ಎರಡು ಸಲ ಹೋಗಿ ಬಂದದ್ದು, ಬಾಡಿಗೆ ಗಾಡಿ, ವಸತಿ, ಫ್ಲಾಶ್, ಎಲ್ಲ ಸೇರಿ 2,600 ಡಾಲರ್ ಚಿಲ್ಲರೆ. ಮನೆಯಲ್ಲಿ 2,000 ಅಂತ ಹೇಳಿದ್ದೇನೆ.

ಸಾಲದ್ದಕ್ಕೆ ನಡುವೆ ಅಡ್ಡದಾರಿಗಳು ಬೇರೆ. ಫೋಟೊಗ್ರಾಮೆಟ್ರಿ, ಅಂದರೆ ಹಲವು ಫೋಟೊ ಸೇರಿಸಿ ಮೂರು ಆಯಾಮದ ಮಾದರಿ, ಮಾಡೋಣ ಅಂತ 400 ಫೋಟೊ ಸುರಿದೆ. ಲ್ಯಾಪ್‌ಟಾಪ್ ಒಂದು ರಾತ್ರಿ ಪೂರ್ತಿ ಉರಿದು ಕೊಟ್ಟದ್ದು ಸಾಬೂನು ಕರಗಿದಂಥ ಕಲ್ಲು. ನಮಗೆ ಬೇಕಾದ ಸಣ್ಣ ಗೀರುಗಳನ್ನೇ ಅದು ನುಣುಪು ಮಾಡಿಬಿಟ್ಟಿತ್ತು. ಹಿಂದೆ ಬ್ರಿಟಿಷ್ ಸಂಶೋಧಕ ಆಲ್ಫ್ರೆಡ್ ಮಾಡ್ಸ್‌ಲೀ 1880ರ ದಶಕದಲ್ಲಿ ಇದೇ ಕಲ್ಲುಗಳಿಗೆ ಒದ್ದೆ ಕಾಗದ, ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದಿದ್ದ. ಈಗ ಕಲ್ಲು ಮುಟ್ಟುವ ಮಾತೇ ಇಲ್ಲ. ಸುಮ್ನೆ ಕುತೂಹಲಕ್ಕೆ ಮನೆಯಲ್ಲೇ ಪ್ಲಾಸ್ಟರ್ ಹಲಗೆ ಕೆತ್ತಿ ಕಾಗದದ ಅಚ್ಚು ತೆಗೆದು ನೋಡಿದೆ. ಅಚ್ಚು ಚೆನ್ನಾಗಿಯೇ ಬಂತು, ಹಲಗೆ ಎರಡು ತುಂಡಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವಿಧಾನ ಸರಿ ಇದೆಯಾ ಅಂತ ತಿಳಿಯಲು ಉತ್ತರ ಗೊತ್ತಿರುವ ಕಲ್ಲೇ ಬೇಕು. ಕಿರಿಗ್ವಾದ ತಾರೀಖುಗಳನ್ನು ವಿದ್ವಾಂಸರು ಯಾವಾಗಲೋ ಓದಿ ಮುಗಿಸಿದ್ದಾರೆ, ನಾನು ಹೊಸದೇನೂ ಕಂಡುಹಿಡಿದಿಲ್ಲ. ಒಂದು ಕಂಬದ ಉತ್ತರ ನೋಡದೆ ಓದಲು ಕೂತೆ. ಯಾವ ಕಂಬ ಅಂತ ಕೇಳಬೇಡಿ, ಮಾನದ ಪ್ರಶ್ನೆ. ಅಹಾವ್ ಅನ್ನುವುದು ಮಾಯಾ ಪಂಚಾಂಗದ ಒಂದು ದಿನದ ಹೆಸರು, ಅದರ ಜೊತೆ 1ರಿಂದ 13ರ ತನಕದ ಒಂದು ಅಂಕಿ ಇರುತ್ತದೆ. ಆ ಅಂಕಿ ಮೊದಲ ಫೋಟೊದಲ್ಲಿ ಸ್ಪಷ್ಟವಾಗಿ 8. ಒಂದು ಪಟ್ಟಿ, ಮೂರು ಚುಕ್ಕೆ. ಪಟ್ಟಿ ಅಂದರೆ ಐದು, ಚುಕ್ಕೆ ಅಂದರೆ ಒಂದು. ಅನುಮಾನವೇ ಇರಲಿಲ್ಲ.

ತಪ್ಪಾಗಿತ್ತು. ಚುಕ್ಕೆ ಒಂದೇ ಇದ್ದರೆ ಅಕ್ಕಪಕ್ಕದ ಜಾಗ ಬೋಳಾಗಿ ಕಾಣುತ್ತದೆ ಅಂತ ಮಾಯಾ ಶಿಲ್ಪಿಗಳು ಎರಡು ಬದಿಗೂ ಅರ್ಧಚಂದ್ರದಂಥ ಅಲಂಕಾರ ಇಡುತ್ತಿದ್ದರು. ಸವೆದ ಮರಳುಗಲ್ಲಿನಲ್ಲಿ ಅವೂ ಚುಕ್ಕೆಯ ಹಾಗೆಯೇ ಕಾಣುತ್ತವೆ. ಬಿಸಿಲು ಕಳೆದ ಸೆಟ್ಟಿನಲ್ಲಿ ಕೆಳಗಿನಿಂದ, ಹನ್ನೆರಡು ಡಿಗ್ರಿ ಓರೆಯಲ್ಲಿ ಬಿಟ್ಟ ಬೆಳಕು ಗುಟ್ಟು ರಟ್ಟು ಮಾಡಿತು. ನಡುವಿನ ಚುಕ್ಕೆಯ ನೆರಳು ಹೊರಗೆ, ಮೇಲ್ಗಡೆ ಬಿತ್ತು. ಆಚೀಚೆಯವುಗಳ ನೆರಳು ಹೊಟ್ಟೆಯೊಳಗೇ ನಿಂತಿತು. ಅಂದರೆ ಅವು ಉಬ್ಬಲ್ಲ, ತೋಡು. ಆ ಅಂಕಿ 8 ಅಲ್ಲ, 6. ಊರಲ್ಲಿ ವೀರಗಲ್ಲುಗಳಿಗೆ ಎಡದಿಂದ ಮಾತ್ರ ಬೆಳಕು ಹಿಡಿದ ಅಭ್ಯಾಸ ನನ್ನದು. ಅದೇ ಅಭ್ಯಾಸದಲ್ಲಿ ಇದ್ದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಎರಡು ಅಂಕಿಯ ವ್ಯತ್ಯಾಸ ತಾನೇ ಅನ್ನಬೇಡಿ. ಕಂಬದಿಂದ ಕಂಬಕ್ಕೆ 1,800 ದಿನ, ಈ ಲೆಕ್ಕದಲ್ಲಿ ಅವರ ವರ್ಷಕ್ಕೆ 360 ದಿನ. ಅಷ್ಟು ದಿನಕ್ಕೆ ಅಹಾವ್ ಅಂಕಿ 6 ಹೆಚ್ಚುತ್ತದೆ, 13 ದಾಟಿದರೆ 13 ಕಳೆಯಬೇಕು. 756ಕ್ಕೆ 8, 761ಕ್ಕೆ 1, 766ಕ್ಕೆ 7, 771ಕ್ಕೆ 13, 775ಕ್ಕೆ 6. ಅದೇ ಅಂಕಿ ಮತ್ತೆ ಬರಲು 64 ವರ್ಷ ಬೇಕು, ಕಾಕ್ ತಿಲಿವ್ ಆಳಿದ್ದು 60 ವರ್ಷ. ಹಾಗಾಗಿ ಅವನ ಕಾಲದ ಐದು ವರ್ಷದ ಕಂಬಗಳಿಗೆ ಈ ಒಂದು ಅಂಕಿ ಸಿಕ್ಕರೂ ಸಾಕು, ವರ್ಷ ಸಿಕ್ಕಿತು. ನಾನು 8 ಅಂತ ಬಿಟ್ಟಿದ್ದರೆ 19 ವರ್ಷ ಹಿಂದೆ ಹೋಗಿ ಬಿದ್ದಿರುತ್ತಿದ್ದೆ. ಆಮೇಲೆ ತಿಂಗಳಿನ ಗುರುತು ಓದಿದೆ, 13 ಕಯಾಬ್. 775ಕ್ಕೆ ಸರಿಯಾಗಿ ಕೂತಿತು. ಪುಸ್ತಕ ತೆಗೆದು ನೋಡಿದಾಗಲೂ ಅದೇ. ಕೋಣೆಯಲ್ಲಿ ಒಬ್ಬನೇ ಎದ್ದು ನಿಂತು ಚಪ್ಪಾಳೆ ಹೊಡೆದೆ, ನಾಚಿಕೆ ಏನಿಲ್ಲ.

'ಸಿ' ಕಂಬದ ಬಗ್ಗೆ ಒಂದು ಮಾತು. ಅದರಲ್ಲಿ ಕ್ರಿ.ಪೂ. 3114ರ ಸೃಷ್ಟಿಯ ದಿನ ದೇವತೆಗಳು ಮೂರು ಕಲ್ಲು ನೆಟ್ಟ ಕಥೆ ಇದೆ. ಮಾಯಾ ಮನೆಗಳಲ್ಲಿ ಇವತ್ತಿಗೂ ಮೂರು ಕಲ್ಲಿನ ಒಲೆ ಇದೆ. ನನಗಂತೂ ಅಜ್ಜಿಮನೆಯ ಒಲೆಗುಂಡು ನೆನಪಾಯಿತು. ಆ ಬದಿಯ ಫೋಟೊಗಳು ನನ್ನ ಸಂಗ್ರಹದಲ್ಲೇ ಅತಿ ಚೆನ್ನಾಗಿ ಬಂದಿವೆ.

ಬಾಕಿ ಇರುವುದು 'ಈ' ಕಂಬದ ಮೇಲಿನ ಅರ್ಧ. ಫ್ಲಾಶನ್ನು ಪೇಂಟರ್‌ಗಳ ಉದ್ದ ಕೋಲಿಗೆ ಕಟ್ಟಿ ಎತ್ತುತ್ತೇನೆ. ಐದು ಮೀಟರ್ ದಾಟಿದ ಕೂಡಲೇ ಕೋಲು ಬಾಗಿ ತೂಗಾಡುತ್ತದೆ. ಬೆಳಕಿನ ಕೋನ ಪ್ರತಿ ಸಲವೂ ಬೇರೆ, ಸೆಟ್ಟು ಸೆಟ್ಟೇ ದಂಡ. ಕಾವಲಿನವನಿಗೂ ಭಯ, ಎಲ್ಲಿ ಕಲ್ಲಿಗೆ ತಾಗಿಸಿಬಿಡುತ್ತೇನೋ ಅಂತ. ವಿಮಾನದಲ್ಲಿ ಸಾಗಿಸಲು ಆಗುವಂಥ, ಎಂಟು ಮೀಟರ್‌ಗೂ ಅಲ್ಲಾಡದ ಕೋಲು ಯಾರಾದರೂ ಬಳಸಿದ್ದರೆ ತಿಳಿಸಿ. ಹಸಿರು ಚಾನೆಲ್ಲಿನ ಗುಟ್ಟು ಅವರಿಗೆ ಹೇಳುತ್ತೇನೆ.